ಐದು ಅಂಕಗಳ ಆಚೆ

ಚಾಮರಾಜನಗರದಿಂದ ತೆಂಕಣಕ್ಕೆ ಹೊರಟ ದಾರಿ ಪುಣಜನೂರು, ಹಾಸನೂರುಗಳನ್ನು ಹಾದು, ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಸತ್ಯಮಂಗಲದ ಮೂಲಕ ಕೊಯಮತ್ತೂರನ್ನು ಸೇರುತ್ತದೆ. ಹತ್ತಿ ಗಿರಣಿಗಳಿಗೆ ಹೆಸರಾದ ಆ ಊರು ಭಾರತದ ಮೋಟಾರು ಪಂದ್ಯಗಳ ತವರೂ ಹೌದು. ಗಿರಣಿ ಮಾಲೀಕರ ಮನೆತನದ ಕರಿವರ್ಧನ್ ಅಲ್ಲಿ ಪಂದ್ಯದ ಕಾರುಗಳನ್ನೇ ಕಟ್ಟಿದರು. ಅಲ್ಲಿಯ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯರಾದರು. ಘಟ್ಟದಾಚೆಯ ಈ ನೆರೆಯವನನ್ನು ಅಳೆಯಬೇಕಾದರೆ ಯಾವ ಅಳತೆಗೋಲು ಸರಿ ಎಂಬುದೇ ಇಂದಿನ ವಿಚಾರ.

ದಾಖಲೆಯ ಪುಸ್ತಕ ಹೇಳುವುದು ಇಷ್ಟೇ: 46 ಪಂದ್ಯಗಳು, 5 ಅಂಕಗಳು. ಆ ಐದೂ ಅಂಕಗಳು ಬಂದದ್ದು ಒಂದೇ ದಿನ, 2005ರ ಜೂನ್ 19ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಅಂದು ಮಿಶೆಲಿನ್ ಟೈರುಗಳು ಅಲ್ಲಿನ ಓರೆ ತಿರುವಿನ ವೇಗವನ್ನು ತಾಳಲಾರವೆಂದು ತಿಳಿದು, ಆ ಟೈರು ತೊಟ್ಟ 14 ಕಾರುಗಳು ಪರಿಚಯದ ಸುತ್ತು ಮುಗಿಯುತ್ತಲೇ ಹಿಂದೆ ಸರಿದವು. ಉಳಿದವು ಆರೇ. ನರೇನ್ ನಾಲ್ಕನೆಯವರಾದರು. ಹಣ ತೆತ್ತು ಬಂದ ಪ್ರೇಕ್ಷಕರು ಕೂಗಾಡಿದರು. ಇದನ್ನು ವಿಜಯವೆಂದು ಕೊಂಡಾಡುವುದು ಆತ್ಮವಂಚನೆ. ಇದನ್ನೇ ಹಿಡಿದು ಆತನನ್ನು ಹಗುರವಾಗಿ ಕಾಣುವುದು ಅನ್ಯಾಯ.

ಮೈಸೂರು ಸೀಮೆಯ ಗರಡಿಗಳನ್ನು ಬಲ್ಲವರಿಗೆ ಒಂದು ಮಾತು ಸುಲಭವಾಗಿ ಹೊಳೆಯುತ್ತದೆ. ದಸರೆಯ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ತೂಕ, ಮೈಕಟ್ಟು ನೋಡಿ ಸರಿಸಮಾನರನ್ನು ಎದುರುಬದುರು ನಿಲ್ಲಿಸುತ್ತಾರೆ. ಫಾರ್ಮುಲಾ ಒನ್‌ನಲ್ಲಿ ಜೋಡಿ ಕಟ್ಟುವವರಿಲ್ಲ. ಅಲ್ಲಿ ಮುಕ್ಕಾಲು ಪಾಲು ಓಡುವುದು ಕಾರು. 2005ರ ಜೋರ್ಡಾನ್ ತಂಡ ಕೈಬದಲಾಗಿ ಕುಗ್ಗುತ್ತಿತ್ತು. 2011 ಮತ್ತು 2012ರಲ್ಲಿ ಅವರು ಓಡಿಸಿದ ಎಚ್‌ಆರ್‌ಟಿ ಕಾರಿಗೆ ಪಂದ್ಯದಲ್ಲಿ ನಿಲ್ಲುವ ಅರ್ಹತೆಯ ವೇಗವೇ ಎರಡು ಸಲ ದಕ್ಕಲಿಲ್ಲ.

ಹಾಗಾದರೆ ಕಾರುಗಳು ಸಮನಾಗಿದ್ದಲ್ಲಿ ನಡೆದದ್ದೇನು? ರ್ಯಾಲಿ ಚಾಲಕರಾಗಿದ್ದ ತಂದೆಯ ನೆರಳಿನಲ್ಲಿ ಬೆಳೆದ ಹುಡುಗ 1994ರಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿಯನ್ನು ಗೆದ್ದ. ಆಗ ವಯಸ್ಸು 17. ಒಂದೇ ಮಾದರಿಯ ಕಾರುಗಳ ಫಾರ್ಮುಲಾ ಏಷ್ಯಾದಲ್ಲಿ 1996ರ ಚಾಂಪಿಯನ್ ಪಟ್ಟವೂ ಬಂತು. ಬಹುಮುಖ್ಯವಾದದ್ದು ಎ-ಒನ್ ಗ್ರ್ಯಾನ್ ಪ್ರಿ: ರಾಷ್ಟ್ರಕ್ಕೊಂದರಂತೆ ಎಲ್ಲರಿಗೂ ಒಂದೇ ಬಗೆಯ ಕಾರು. ಅಲ್ಲಿ 2007ರ ಡಿಸೆಂಬರಿನಲ್ಲಿ ಚೀನಾದ ಜುಹಾಯ್‌ನಲ್ಲಿ, 2008ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಭಾರತದ ಬಾವುಟ ಮೇಲೇರಿದ್ದು ಇವರಿಂದ. ನನ್ನ ಮಟ್ಟಿಗೆ ಈ ಎರಡು ದಿನಗಳ ಮುಂದೆ ಇಂಡಿಯಾನಾಪೊಲಿಸ್‌ನ ಐದು ಅಂಕಗಳು ಸಪ್ಪೆ.

ಒಂದೇ ತಂಡದ ಇಬ್ಬರನ್ನು ಹೋಲಿಸಿದರೆ ಚಿತ್ರ ಅಷ್ಟು ಉಜ್ವಲವಲ್ಲ. ಜೋರ್ಡಾನ್‌ನ ಜೊತೆಗಾರ ಮೊಂಟೆರೊ 7 ಅಂಕ ಗಳಿಸಿದ. 19 ಪಂದ್ಯಗಳಲ್ಲಿ 18ನ್ನು ಮುಗಿಸಿದ. ಆ ನಿಧಾನದ ನಿಷ್ಠೆ ನರೇನ್‌ಗೆ ಒಲಿದದ್ದಲ್ಲ. 2012ರಲ್ಲಿ ಹಿರಿಯ ಡಿ ಲಾ ರೋಸಾ ಅರ್ಹತಾ ಸುತ್ತುಗಳಲ್ಲಿ ಬಹುತೇಕ ಮುಂದಿದ್ದರು. ಆದರೆ 2011ರ ಅಕ್ಟೋಬರ್ 30ರಂದು ದೆಹಲಿ ಸಮೀಪದ ಬುದ್ಧ ಸರ್ಕ್ಯೂಟ್‌ನಲ್ಲಿ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆದಾಗ 17ನೆಯವರಾಗಿ ಬಂದ ನರೇನ್ ಹಿಂದೆ ಅದೇ ತಂಡದ ರಿಕಾರ್ಡೊ ಇದ್ದ. ಮುಂದೆ ಎಂಟು ಗ್ರ್ಯಾನ್ ಪ್ರಿ ಗೆದ್ದ ರಿಕಾರ್ಡೊ. ಒಂದು ಪಂದ್ಯದಿಂದ ಬಹಳವೇನೂ ಸಿದ್ಧವಾಗದು, ಅಲ್ಲಗಳೆಯಲೂ ಆಗದು.

ಇನ್ನು ಹಣದ ಮಾತು. ಜಾಗ್ವಾರ್ ತಂಡ ಇವರನ್ನು ಪರೀಕ್ಷಿಸಿದ್ದು 2001ರಲ್ಲಿ. ಪಂದ್ಯದ ಆಸನ ಸಿಕ್ಕಿದ್ದು 2005ರಲ್ಲಿ. ಈ ನಡುವೆ ಮಿನಾರ್ಡಿ ತಂಡ 2004ಕ್ಕೆ ಕರೆದಾಗ, ಪ್ರಾಯೋಜಕರ ಹಣ ಕೂಡಿಬರಲಿಲ್ಲ. ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟರವರೆಗಿನ ವಯಸ್ಸು ಚಾಲಕನಿಗೆ ಹದದ ಕಾಲ. ಬೀಜವಿದ್ದೂ ಮಳೆಗೆ ಕಾದ ಹೊಲದಂತೆ ಅದು ಕಳೆಯಿತು.

2010ರಲ್ಲಿ ಪದ್ಮಶ್ರೀ ಬಂತು. ಬಹಳ ಮಂದಿ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವರು 2014ರಿಂದ ಜಪಾನಿನಲ್ಲಿ ಐದು ವರ್ಷ ಸೂಪರ್ ಫಾರ್ಮುಲಾದಲ್ಲಿ ದುಡಿದರು. 2019ರ ನವೆಂಬರಿನಲ್ಲಿ ಫ್ಯೂಜಿಯಲ್ಲಿ ಜರ್ಮನಿ ಮತ್ತು ಜಪಾನಿನ ಸರಣಿಗಳ ಚಾಲಕರು ಒಟ್ಟಿಗೆ ಓಡಿದ ವಿಶೇಷ ಪಂದ್ಯಗಳು ನಡೆದವು. ಎರಡನೆಯದರಲ್ಲಿ ಹೋಂಡಾ ಕಾರನ್ನು ನರೇನ್ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿಸಿದರು. ಆಗ ಅವರಿಗೆ 42 ವರ್ಷ.