ಒಂದೇ ಬೆಂಚು, ಎರಡು ರಾಜ್ಯ

ನಮ್ಮ ದೊಡ್ಡಪ್ಪ ಸಂಗನಕಲ್ಲಿಂದ ಬಳ್ಳಾರಿಗೆ ನಡಕೊಂತ ಹೋಗಿ ಹೈಸ್ಕೂಲ್ ಓದಿದೋರು. ಸೇರುವಾಗ ಊರು ಮದ್ರಾಸ್ ರಾಜ್ಯದಾಗಿತ್ತು. ಕಡೇ ವರ್ಷ, 1953ರ ಅಕ್ಟೋಬರ್ 1ಕ್ಕೆ, ಬಳ್ಳಾರಿ ಮೈಸೂರಿಗೆ ಸೇರ್ತು. ಅದೇ ದಿನ ಆಂಧ್ರ ಹುಟ್ಟಿ, ನಮ್ಮ ಜಿಲ್ಲೆದಾಗಿದ್ದ ಆದೋನಿ, ಆಲೂರು, ರಾಯದುರ್ಗ ಆ ಕಡಿಗೆ ಹೋದವು. ಪುಸ್ತಕದಾಗ ತಾಲೂಕಿನ ಹೆಸರಷ್ಟೇ ಇರ್ತಾವು, ಬಿಡ್ರಿ.

ದೊಡ್ಡಪ್ಪನ ಬೆಂಚಿನ ಗೆಳೆಯ ಆದೋನಿಯವ. ಅಕ್ಕನ ಮನ್ಯಾಗಿದ್ದು ಓದ್ತಿದ್ದ. ನಮ್ಮಜ್ಜಿ ದಿನಾ ಎರಡು ರೊಟ್ಟಿ ಹೆಚ್ಚಿಗಿ ಕಟ್ತಿದ್ದದ್ದು ಅವನಿಗೇ. ಆವತ್ತು ಬಜಾರೆಲ್ಲ ಸಂಭ್ರಮ; ಆ ರೊಟ್ಟಿ ಮಾತ್ರ ಹಂಗೇ ವಾಪಸ್ ಬಂದ್ವಂತ.

ಪರೀಕ್ಷೆ ಮುಗದ ಮ್ಯಾಲೆ ಅವ ನೌಕರಿ ಹುಡುಕ್ಕೊಂಡು ಕರ್ನೂಲಿಗೆ ಹೋದ. ಆಂಧ್ರದ ರಾಜಧಾನಿ ಆವಾಗ ಅದೇ. ದೊಡ್ಡಪ್ಪ ಬೆಂಗಳೂರಿನ ಬಸ್ ಹತ್ತಿದ್ರು.

ಗ್ರೂಪ್ ಫೋಟೋ ಇನ್ನೂ ಪಡಸಾಲಿ ಗ್ವಾಡಿ ಮ್ಯಾಲೈತಿ. ಬಂದಾಗ ನೋಡ್ರಿ ಅಕ್ಕಾರ, ಹಿಂದಿನ ಸಾಲಿನಾಗ ಇಬ್ರೂ ಕೈ ಕಟ್ಕೊಂಡು ಒತ್ತೊತ್ತಿ ನಿಂತಾರ.