ಕೂಲಿಮಠದ ವ್ಯವಹಾರವಿದ್ಯೆ

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ, ತನ್ನ ಆಡಳಿತಕ್ಕೊಳಪಟ್ಟ ಜಿಲ್ಲೆಗಳಲ್ಲಿ ದೇಶೀಯ ವಿದ್ಯಾಭ್ಯಾಸದ ಸ್ಥಿತಿ ಹೇಗಿದೆಯೆಂಬುದನ್ನು ವಿಚಾರಿಸಿ ತಿಳಿಸಬೇಕೆಂದು 1822ರಲ್ಲಿ ಅಪೇಕ್ಷಿಸಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದು ಕಳುಹಿಸಿದ ವರದಿಯನ್ನು ಓದಿದವರಿಗೆ, ಐದು ವರ್ಷದ ಹಸುಳೆಯನ್ನು ಹದಿನೈದರ ಹೊತ್ತಿಗೆ ಸಂತೆಯಲ್ಲಿಯೂ ಅಂಗಡಿಯಲ್ಲಿಯೂ ಸ್ವಂತ ಕಾಲಿನ ಮೇಲೆ ನಿಲ್ಲಬಲ್ಲವನನ್ನಾಗಿ ಮಾಡುವ ಒಂದು ಶಿಕ್ಷಣಕ್ರಮ ನಮ್ಮಲ್ಲಿ ಇದ್ದಿತೆಂಬುದು ಮನವರಿಕೆಯಾಗದಿರದು.

ಆ ಕ್ರಮದ ಬೇರು ಬಹಳ ಹಿಂದಿನದು. ಹೊಯ್ಸಳರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿಯೇ, ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ರಚಿಸಹೊರಟಾಗ ತನ್ನ ಗ್ರಂಥಕ್ಕಿಟ್ಟ ಹೆಸರು ‘ವ್ಯವಹಾರಗಣಿತ’. ನಮ್ಮ ನಾಡಿನಲ್ಲಿ ಲೆಕ್ಕವೆಂಬುದು ಕೊಡುಕೊಳೆಯ ನೆಲದಿಂದ ಬೇರೆಯಾಗಿ ಬೆಳೆದ ವಿದ್ಯೆಯಲ್ಲ.

ಶುಭದಿನದಲ್ಲಿ ಗಣಪತಿಯನ್ನು ಪೂಜಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ದೇವರ ನಾಮವನ್ನು ಬರೆಯಿಸಿದ ಮರುದಿನದಿಂದಲೇ ಊರ ಶಾಲೆಯಾದ ಕೂಲಿಮಠದ ನಿಯಮ ಪ್ರಾರಂಭವಾಗುತ್ತಿದ್ದಿತು. ಬೆಳಗಿನ ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆದು, ಮೂರನೆಯವನಿಗೆ ಹಗುರವಾದ ಒಂದು ಏಟನ್ನು, ನಾಲ್ಕನೆಯವನಿಗೆ ಎರಡನ್ನು, ಹೀಗೆ ತಡವಾದಷ್ಟೂ ಹೆಚ್ಚಿಸುತ್ತ ಕೊಡುತ್ತಿದ್ದರು. ಮರಳಿನಲ್ಲಿ ಅಕ್ಷರ ಕುದುರಿದ ಮೇಲೆ ಹುಡುಗನ ಕೈಗೆ ಕಡತ ಬರುತ್ತಿದ್ದಿತು. ಅಂಟಿನೊಡನೆ ಇದ್ದಲ ಕರಿಯನ್ನು ಬಳಿದು ಒಣಗಿಸಿ ಮಡಿಸಿದ ಆ ಬಟ್ಟೆಯ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದಾಗಿತ್ತು. ವರ್ತಕರು ಲೆಕ್ಕವಿಡುತ್ತಿದ್ದುದೂ ಅಂಥ ಕಡತಗಳಲ್ಲಿಯೇ ಆದುದರಿಂದ, ಮಠದ ಸಾಧನಕ್ಕೂ ಅಂಗಡಿಯ ಸಾಧನಕ್ಕೂ ಭೇದವಿರಲಿಲ್ಲ.

ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಹುಡುಗರು ಸಾಲಾಗಿ ನಿಂತು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದುದನ್ನು ಗಿಳಿಪಾಠವೆಂದು ಹಳಿಯುವವರುಂಟು. ಆದರೆ ಸೇರಿಗೆ ಮುಕ್ಕಾಲು ಹಣದಂತೆ ಏಳು ಸೇರು ಬೆಲ್ಲಕ್ಕೆ ಐದೂಕಾಲು ಹಣವೆಂದು, ತಕ್ಕಡಿ ಕೆಳಗಿಳಿಯುವುದರೊಳಗೆ ಹೇಳಬಲ್ಲ ಹುಡುಗನನ್ನು ಯಾವ ದಲ್ಲಾಳಿಯೂ ವಂಚಿಸಲಾರನು.

ಇದಕ್ಕಿಂತಲೂ ನನಗೆ ಶ್ಲಾಘ್ಯವಾಗಿ ತೋರುವುದು ಮತ್ತೊಂದು ಪಾಠ. ಗುರುವು ಅಲ್ಲಲ್ಲಿಂದ ಸಂಗ್ರಹಿಸಿ ತಂದ ನಿಜವಾದ ಕಾಗದಪತ್ರಗಳನ್ನು, ಒಬ್ಬೊಬ್ಬನದು ಒಂದೊಂದು ಬಗೆಯಾದ ಕೈಬರಹವನ್ನು, ಹುಡುಗರು ಬಿಡಿಸಿ ಓದಬೇಕಾಗಿತ್ತು; ಸಾಮಾನ್ಯ ಪತ್ರಗಳನ್ನೂ ಕರಾರುಪತ್ರಗಳನ್ನೂ ತಾವೇ ಬರೆಯಬೇಕಾಗಿತ್ತು. ಪರರ ಬರಹವನ್ನು ಪರರ ಸಹಾಯವಿಲ್ಲದೆ ಓದಬಲ್ಲವನು, ಸಾಲಪತ್ರಕ್ಕೆ ರುಜು ಹಾಕುವ ಮುನ್ನ ಅದರಲ್ಲೇನಿದೆಯೆಂದು ತಾನೇ ತಿಳಿಯಬಲ್ಲನು. ಉದ್ಯಮಕ್ಕೆ ಬಂಡವಾಳದಷ್ಟೇ ಅವಶ್ಯವಾದ ಈ ಧೈರ್ಯವನ್ನು ಹತ್ತು ಹನ್ನೆರಡು ವಯಸ್ಸಿನಲ್ಲಿಯೇ ಕೊಡಬೇಕೆಂದು ಕಂಡುಕೊಂಡ ಆ ಐಗಳು, ಎಂದರೆ ಮಠದ ಗುರುಗಳು, ನಿಜವಾಗಿಯೂ ವಂದನಾರ್ಹರು. ಮುಂದುವರಿದ ಹುಡುಗರೇ ಕಿರಿಯರಿಗೆ ಕಲಿಸುತ್ತಿದ್ದುದನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ. ಕಾವ್ಯಗಳನ್ನು ಮಾತ್ರ ಅರ್ಥವರಿಯದೆ ಕಂಠಪಾಠ ಮಾಡುತ್ತಿದ್ದರೆಂಬ ಅವನ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ.

ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, ತೆಲುಗು ಸೀಮೆಯೂ ಸೇರಿದಂತೆ, 533 ವಿದ್ಯಾಸ್ಥಾನಗಳಿದ್ದವು. ಅವುಗಳಲ್ಲಿ 235 ಕನ್ನಡದವು. ಓದುತ್ತಿದ್ದ 6,641 ಮಕ್ಕಳಲ್ಲಿ ವೈಶ್ಯರು 981, ಶೂದ್ರರೆಂದು ಎಣಿಸಿದವರು 2,998. ಹೆಣ್ಣುಮಕ್ಕಳು ಕೇವಲ 60! ಸಂತೆಯಲ್ಲಿ ಸೊಪ್ಪು, ಹಾಲು, ಮೊಸರುಗಳನ್ನು ಮಾರಿ ಸಂಸಾರ ತೂಗಿಸಿದ ತಾಯಂದಿರ ನಾಡಿನಲ್ಲಿ, ಅವರ ಹೆಣ್ಣುಮಕ್ಕಳಿಗೆ ಈ ವಿದ್ಯೆಯ ಬಾಗಿಲು ಮುಚ್ಚಿದ್ದುದು ಬಹು ದೊಡ್ಡ ಅನ್ಯಾಯ.

ಈ ವಿದ್ಯಾಸ್ಥಾನಗಳಲ್ಲಿ ಒಂದಕ್ಕಾದರೂ ಸರ್ಕಾರದ ಸಹಾಯವಿರಲಿಲ್ಲ. ತಂದೆತಾಯಿಗಳು ಕೊಡುವ ಕೂಲಿಯೇ ಗುರುವಿನ ಜೀವನಾಧಾರ. ಮಠಗಳು ಕ್ಷೀಣಿಸುತ್ತಿದ್ದುದನ್ನು ಕಲೆಕ್ಟರನು ಆಗಲೇ ಕಂಡಿದ್ದನು, ಕಾರಣವನ್ನೂ ಮುಚ್ಚಿಡಲಿಲ್ಲ. ವಿಲಾಯತಿಯ ಹತ್ತಿಬಟ್ಟೆ ಇಲ್ಲಿಯ ನೇಯ್ಗೆಯನ್ನು ಮೂಲೆಗೊತ್ತಿದುದರಿಂದ ಕಸುಬುದಾರರ ಮನೆಗಳು ಬಡವಾದವು. ಮೊದಲು ಮಗನ ಓದಿಗೆಂದು ಕೂಲಿ ಕೊಡಬಲ್ಲವರಾಗಿದ್ದವರು, ಅವನ ಎಳೆಯ ಕೈಕಾಲುಗಳಿಗೆ ಕೊಂಚ ಕಸುವು ಬರುತ್ತಲೇ ಮಠದಿಂದ ಬಿಡಿಸಿ ದುಡಿಮೆಗೆ ಹಚ್ಚುತ್ತಿದ್ದರು.