ಎನ್‌ಒಸಿ ಎಂಬ ಕಾಗದ ಮತ್ತು ಕೆಜಿ ಟೀಚರುಗಳು

2021ರ ಜನವರಿ ಮೊದಲ ವಾರ. ರುವಿಯ ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಪರದೆಯಲ್ಲಿದ್ದ ಇಪ್ಪತ್ತೆಂಟು ಪುಟ್ಟ ಮುಖಗಳಿಗೆ ಬಾಳೆಹಣ್ಣು ತೋರಿಸಿ 'ಬಿ' ಅಕ್ಷರ ಹೇಳಿಕೊಟ್ಟು ಆಗಷ್ಟೇ ಎದ್ದಿದ್ದೆ. ಅದೇ ಶಾಲೆಯಲ್ಲಿ ಪಕ್ಕದ ತರಗತಿಯ ಕೆಜಿ ಟೀಚರ್, ಪುತ್ತೂರು ಕಡೆಯವಳು, ಫೋನ್ ಮಾಡಿದಳು.

"ಅಕ್ಕಾ, ಇನ್ನು ಎನ್‌ಒಸಿ ಬೇಡವಂತಲ್ಲ. ನಾನೀಗ ಏನು ಮಾಡುವುದು?"

ಸಂತೋಷದ ಸುದ್ದಿಯೇ. ಅಂಥ ಸುದ್ದಿಗಾಗಿ ನಾವಿಬ್ಬರೂ ಎಷ್ಟೋ ಬಸ್ ಪ್ರಯಾಣಗಳಲ್ಲಿ ಹಂಬಲಿಸಿದ್ದೆವು. ಆದರೆ ಅವಳ ದನಿಯಲ್ಲಿ ಇದ್ದದ್ದು ಗಾಬರಿ. ಕೇಳಿದ ನನಗೂ ಒಳಗೆ ಏನೋ ಕಸಿವಿಸಿ. ಅದು ಯಾಕೆಂದು ಹೇಳಬೇಕಾದರೆ ನಮ್ಮಂಥವರು ಈ ಊರಿನಲ್ಲಿ ಕೆಜಿ ಟೀಚರ್ ಆದದ್ದು ಹೇಗೆ ಎಂಬಲ್ಲಿಂದ ಶುರುಮಾಡಬೇಕು.

ಮಸ್ಕತ್‌ಗೂ ನಮ್ಮ ಕರಾವಳಿಗೂ ನಂಟು ಹಳೆಯದು. ಮಂಗಳೂರಿನ ಅಕ್ಕಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಕುದುರೆಗಳೂ ಖರ್ಜೂರವೂ ಅಲ್ಲಿಗೆ ಹೋಗುತ್ತಿದ್ದವು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಆ ಹಡಗುಗಳಲ್ಲಿ ಕೆಜಿ ಟೀಚರುಗಳು ಮಾತ್ರ ಇರಲಿಲ್ಲ, ಬಿಡಿ. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ಒಮಾನಿನಲ್ಲಿ ಇದ್ದದ್ದು ಮೂರು ಶಾಲೆ, ಸುಮಾರು 900 ಹುಡುಗರು. ರಸ್ತೆ, ಬಂದರು, ಆಸ್ಪತ್ರೆ, ಬ್ಯಾಂಕು ಎಲ್ಲವೂ ಒಮ್ಮೆಗೇ ಏಳತೊಡಗಿದವು. ಹೊರದೇಶಗಳಿಂದ ಗಂಡಸರು ಬಂದರು, ಅವರ ಹಿಂದೆ ಸಂಸಾರಗಳು ಬಂದವು, ಸಂಸಾರಗಳ ಜೊತೆ ಮಕ್ಕಳು. ಆ ಮಕ್ಕಳಿಗಾಗಿ 1975ರಲ್ಲಿ ಇಂಡಿಯನ್ ಸ್ಕೂಲ್ ಮಸ್ಕತ್ ಆರಂಭವಾಯಿತು. ಈಗ ಸೊಹಾರ್‌ನಿಂದ ಸಲಾಲಾ ತನಕ ದೇಶದಲ್ಲಿ 20ಕ್ಕೂ ಹೆಚ್ಚು ಇಂಡಿಯನ್ ಸ್ಕೂಲುಗಳಿವೆ.

ಶಾಲೆ ಎಂದ ಮೇಲೆ ಟೀಚರ್ ಬೇಕು. ಮೇಲಿನ ತರಗತಿಗಳಿಗೆ ಭಾರತದಿಂದ ಆರಿಸಿ ತರುತ್ತಿದ್ದರು. ಕೆಜಿಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಗಂಡನ ವೀಸಾದಲ್ಲಿ ಬಂದು, ಅಡುಗೆ ಮುಗಿಸಿ, ಕಿಟಕಿಯಿಂದ ಬೋಳುಗುಡ್ಡ ನೋಡುತ್ತಾ ಕೂತಿದ್ದ ಪದವೀಧರೆಯರು ಎದುರಿಗೇ ಇದ್ದರು. ನಾನು ಅಂಥವಳೇ. ಕಾರ್ಕಳದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ 1996ರಲ್ಲಿ ಬಂದೆ. ಎರಡು ವರ್ಷದ ನಂತರ 120 ರಿಯಾಲಿಗೆ ಕೆಜಿ ಟೀಚರ್ ಆದೆ. ರಿಯಾಲಿಗೆ ಆಗ 110 ರೂಪಾಯಿಯ ಆಸುಪಾಸು. ಊರಿನಲ್ಲಿ ಅಪ್ಪ ಆ ಲೆಕ್ಕ ಕೇಳಿ ಬೆರಗಾಗಿದ್ದರು, ರುವಿಯ ಬಾಡಿಗೆಯ ಲೆಕ್ಕ ಅವರಿಗೆ ಹೇಳಿರಲಿಲ್ಲ. ಚಿಕ್ಕಮಕ್ಕಳಿಗೆ ಕಲಿಸಬೇಕೆಂದು ನಾನು ಎಂದೂ ಕನಸು ಕಂಡವಳಲ್ಲ. ತೆರೆದಿದ್ದ ಬಾಗಿಲು ಅದೊಂದೇ, ಒಳಗೆ ಹೋದೆ. ಒಳಗೆ ಹೋದ ಮೇಲೆ ಆ ಕೆಲಸ ನನ್ನನ್ನು ಹಿಡಿದುಕೊಂಡಿತು, ಅದು ಬೇರೆ ಮಾತು. ಏಪ್ರಿಲ್ ತಿಂಗಳ ಮೊದಲ ದಿನ ಒಂದೇ ಕೋಣೆಯಲ್ಲಿ ಮೂವತ್ತು ಮಕ್ಕಳು ಮೂವತ್ತು ಬಗೆಯಲ್ಲಿ ಅಳುವುದನ್ನು ಕೇಳಿ, ಜೂನ್ ಹೊತ್ತಿಗೆ ಅದೇ ಮಕ್ಕಳು ಚೀಲ ಎಸೆದು ಓಡಿಬರುವುದನ್ನು ನೋಡಿದವರಿಗೆ ಇದು ಗೊತ್ತು.

ಕೆಲಸಕ್ಕೆ ಸೇರುವಾಗ ನನ್ನ ಶಾಲೆ ನನ್ನನ್ನು ಗಂಡನ ವೀಸಾದಿಂದ ತನ್ನ ವೀಸಾಕ್ಕೆ ಬದಲಿಸಿಕೊಂಡಿತು. ಮಂದೂಬ್, ಎಂದರೆ ಕಂಪೆನಿಯ ಕಾಗದಪತ್ರ ಓಡಾಡಿಸುವಾತ, ಹೊಸ ಬತಾಕಾ ತಂದುಕೊಟ್ಟ. ನನ್ನ ಹೆಸರಿನದೇ ಒಂದು ಗುರುತಿನ ಚೀಟಿ, ಅದರಲ್ಲಿ ನನ್ನದೇ ಉದ್ಯೋಗ. ಹೆಮ್ಮೆಯಾಯಿತು. ಇನ್ನು ಮುಂದೆ ಬೇರೆ ಶಾಲೆಗೆ ಹೋಗಬೇಕಾದರೆ ಈ ಶಾಲೆಯ ಒಪ್ಪಿಗೆ ಬೇಕು ಎಂಬುದು ಆ ಹೆಮ್ಮೆಯಲ್ಲಿ ಹೊಳೆಯಲಿಲ್ಲ. ಒಪ್ಪಿಗೆಗೆ ಹಳಬರು 'ರಿಲೀಸ್' ಎನ್ನುತ್ತಿದ್ದರು, ಆಮೇಲಿನವರು 'ಎನ್‌ಒಸಿ' ಎಂದರು. ಅಭ್ಯಂತರವಿಲ್ಲ ಎಂದು ಬರೆದುಕೊಡುವ ಒಂದು ಹಾಳೆ. 2014ರ ಜುಲೈ 1ರಿಂದ ಈ ನಿಯಮ ಬಿಗಿಯಾಯಿತು: ಆ ಹಾಳೆ ಇಲ್ಲದೆ ಕೆಲಸ ಬಿಟ್ಟು ದೇಶ ತೊರೆದವರಿಗೆ ಎರಡು ವರ್ಷ ಹೊಸ ಕೆಲಸದ ವೀಸಾ ಇಲ್ಲ. ಗಾರೆ ಕೆಲಸದವನಿಂದ ಹಿಡಿದು ಎಂಜಿನಿಯರ್‌ವರೆಗೆ ಎಲ್ಲರಿಗೂ ಅದು ತಟ್ಟಿತು.

2015ರಲ್ಲಿ ನನಗೊಂದು ನರ್ಸರಿಯಿಂದ ಕರೆ ಬಂತು. ಮೂರು ವರ್ಷದ ಮಕ್ಕಳು, ತರಗತಿಗೆ ಹನ್ನೆರಡೇ ಮಂದಿ, ಹಿತ್ತಲಲ್ಲಿ ಮರಳಿನ ಗುಂಡಿ. ಮರಳುಗಾಡಿನ ದೇಶದಲ್ಲಿ ಮಕ್ಕಳಿಗೆ ಆಡಲು ಮರಳು ಸಿಗುವುದು ಅಪರೂಪ ಎಂದರೆ ಊರಿನವರು ನಂಬಲಿಕ್ಕಿಲ್ಲ. ಶಾಲೆಯ ಕಚೇರಿಗೆ ಹೋಗಿ ಎನ್‌ಒಸಿ ಕೇಳಿದೆ. "ಏಪ್ರಿಲ್‌ನಲ್ಲಿ ನೋಡುವ ಟೀಚರ್" ಎಂದರು. ಏಪ್ರಿಲ್ ಬಂತು, ಹೊಸ ಮಕ್ಕಳು ಅಳುತ್ತಾ ಬಂದರು, ನಾನು ಮತ್ತೆ ಕೇಳಲಿಲ್ಲ. ಮುಂದಿನ ಆರು ವರ್ಷ ಯಾರು ಕೇಳಿದರೂ ನನ್ನ ಬಳಿ ಸಿದ್ಧ ಉತ್ತರವಿತ್ತು: "ಎನ್‌ಒಸಿ ಕೊಡಲಿಲ್ಲ ಮಾರಾಯ್ರೆ." ನಿಜ ಹೇಳಬೇಕೆಂದರೆ, ಅವರು ಕೊಡಲಿಲ್ಲ ಎನ್ನುವುದು ಅರ್ಧ ಸತ್ಯ. ನಾನು ಎರಡನೆಯ ಸಲ ಕೇಳಲಿಲ್ಲ ಎನ್ನುವುದು ಉಳಿದರ್ಧ.

2020ರ ಮಾರ್ಚ್ 15ಕ್ಕೆ ಕೊರೋನಾದಿಂದ ಇಲ್ಲಿನ ಶಾಲೆಗಳು ಮುಚ್ಚಿದವು. ಅದೇ ಜೂನ್‌ನಲ್ಲಿ, ಬರುವ ಜನವರಿ 1ರಿಂದ ಎನ್‌ಒಸಿ ಬೇಡ ಎಂಬ ಆದೇಶ ಹೊರಬಿತ್ತು. ಕರಾರು ಮುಗಿದದ್ದಕ್ಕೋ ಕೆಲಸ ಬಿಟ್ಟದ್ದಕ್ಕೋ ದಾಖಲೆ ತೋರಿಸಿ, ಹೊಸ ಕರಾರಿಗೆ ಮಂತ್ರಾಲಯದ ಒಪ್ಪಿಗೆ ಪಡೆದರೆ ಸಾಕು.

ಮನೆಯಲ್ಲೇ ಕೂತ ಆ ತಿಂಗಳುಗಳಲ್ಲಿ ನಾನು ಬಾಲಶಿಕ್ಷಣದ ಚರಿತ್ರೆ ಓದುತ್ತಿದ್ದೆ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸದ ಹಿಂದೆ ಯಾರಿದ್ದರು ಎಂದು ತಿಳಿಯುವ ಆಸೆ. ಓದುತ್ತಾ ಹೋದಂತೆ ಅದು ಕೆಲಸ ಬದಲಿಸಿದವರ ಚರಿತ್ರೆಯೂ ಹೌದು ಎಂದು ಕಂಡಿತು. ಗುಜರಾತಿನ ಗಿಜುಭಾಯಿ ಬಧೇಕಾ 1907ರಲ್ಲಿ ದುಡಿಮೆಗಾಗಿ ನಮ್ಮ ಹಾಗೆಯೇ ಕಡಲು ದಾಟಿ ಪೂರ್ವ ಆಫ್ರಿಕಾಕ್ಕೆ ಹೋದವರು. ಎರಡು ವರ್ಷಕ್ಕೆ ಮರಳಿ ವಕೀಲರಾದರು. 1913ರಲ್ಲಿ ಮಗ ಹುಟ್ಟಿದ. ಅವನನ್ನು ಬೆಳೆಸುವುದು ಹೇಗೆಂದು ಹುಡುಕುತ್ತಾ ಹೋದ ವಕೀಲರು 1916ರಲ್ಲಿ ಕರಿಕೋಟು ಕಳಚಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ತಾರಾಬಾಯಿ ಮೋಡಕರ ಬದಲಾವಣೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ರಾಜಕೋಟೆಯ ಬಾರ್ಟನ್ ಕಾಲೇಜಿನ ಪ್ರಾಂಶುಪಾಲೆ, ಮಗಳನ್ನು ಒಂಟಿಯಾಗಿ ಸಾಕುತ್ತಿದ್ದಾಕೆ. 1923ರಲ್ಲಿ ಆ ಹುದ್ದೆ ಬಿಟ್ಟು ಗಿಜುಭಾಯಿಯವರ ಬಾಲಮಂದಿರಕ್ಕೆ ನಡೆದರು. ಆಮೇಲೆ ಬೋರ್ಡಿ ಮತ್ತು ಕೋಸಬಾಡದಲ್ಲಿ ಬಡಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ನಾವು ದಿನಾ ಆಡುವ 'ಅಂಗನವಾಡಿ' ಎಂಬ ಮಾತು ಬಂದದ್ದು ಆ ಅಂಗಳದಿಂದ. ನಮ್ಮ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಕ್ಕೆ ಕೈಹಾಕಿದ್ದೂ 30ರ ದಶಕದಲ್ಲಿ.

ಇವರದೆಲ್ಲ ದೊಡ್ಡ ಕತೆ. ಆದರೆ ಇವರು ಚಿಕ್ಕಮಕ್ಕಳ ಕಡೆಗೆ ಬಂದವರು. ಬಂದ ಮೇಲೆ ಅಲ್ಲೇ ಇದ್ದು, ಕಡಿಮೆ ಕಾಸಿಗೆ ದುಡಿದು, ಬಿಡಲೂ ಆಗದೆ ಇರಲೂ ಆಗದೆ ಲೆಕ್ಕ ಹಾಕಿದ ಹೆಂಗಸರ ಕತೆ ಪುಸ್ತಕಗಳಲ್ಲಿ ಅಷ್ಟಾಗಿ ಸಿಗಲಿಲ್ಲ. ಅದು ಸಿಕ್ಕಿದ್ದು ಕೋರ್ಟಿನ ತೀರ್ಪುಗಳಲ್ಲಿ.

ಮಸ್ಕತ್‌ನಲ್ಲಿ ಇಂಡಿಯನ್ ಸ್ಕೂಲ್ ಹುಟ್ಟಿದ ಅದೇ 1975ರ ಅಕ್ಟೋಬರ್ 2ರಂದು ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಪ್ರಯೋಗಕ್ಕೆ ಬಂತು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಂಗನವಾಡಿ ಕಾರ್ಯಕರ್ತೆಗೆ ಮೆಟ್ರಿಕ್ ಆಗಿದ್ದರೆ ತಿಂಗಳಿಗೆ 150 ರೂಪಾಯಿ, ಆಗದಿದ್ದರೆ 100. ಅದನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದರು. ಎಂಬತ್ತರ ದಶಕದಲ್ಲಿ ನನ್ನ ಚಿಕ್ಕಮ್ಮ ಅಂಗನವಾಡಿ ಟೀಚರ್ ಆದಾಗ ಮನೆಯಲ್ಲಿ ಎಲ್ಲರೂ ಹೇಳಿದ್ದು, "ಇವತ್ತಲ್ಲ ನಾಳೆ ಪರ್ಮನೆಂಟ್ ಆಗ್ತದೆ." ಅವಳು ಬೀಡಿ ಕಟ್ಟುವುದನ್ನು ಬಿಟ್ಟು ಆ ಕೆಲಸಕ್ಕೆ ಹೋದವಳು. ಬೀಡಿಯಲ್ಲೇ ಹೆಚ್ಚು ಸಿಗುತ್ತಿತ್ತು ಎಂದು ಅವಳೇ ನಗುತ್ತಾ ಹೇಳುತ್ತಿದ್ದಳು. 2006ರ ಡಿಸೆಂಬರ್‌ನಲ್ಲಿ, ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂಬ ತೀರ್ಪು ಅದೇ ಕೋರ್ಟಿನಿಂದ ಬರಲು 2022ರ ಏಪ್ರಿಲ್ ಆಗಬೇಕಾಯಿತು. ಚಿಕ್ಕಮ್ಮ ಅಷ್ಟರಲ್ಲಿ ನಿವೃತ್ತಳಾಗಿದ್ದಳು. ಅವಳನ್ನು ಹಿಡಿದಿಡಲು ಎನ್‌ಒಸಿ ಇರಲಿಲ್ಲ, ವೀಸಾ ಇರಲಿಲ್ಲ. ನಾಳೆ ಎಂಬುದೊಂದು ಸಾಕಾಗಿತ್ತು.

ಪುತ್ತೂರಿನವಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಾಗದು. "ಶುಕ್ರವಾರ ಮನೆಗೆ ಬಾ, ಲೆಕ್ಕ ಹಾಕುವ" ಎಂದೆ. ನೀರುದೋಸೆ ಮಾಡಿದ್ದೆ. ದೋಸೆ ತಟ್ಟೆ ಪಕ್ಕಕ್ಕಿಟ್ಟು ಕಾಗದ ಪೆನ್ನು ತೆಗೆದೆವು.

ಅಝೈಬಾ ಕಡೆಯ ಒಂದು ಇಂಟರ್‌ನ್ಯಾಷನಲ್ ಶಾಲೆಯ ಚಿಕ್ಕಮಕ್ಕಳ ವಿಭಾಗದಲ್ಲಿ ಅವಳಿಗೆ ಕೆಲಸ ಇತ್ತು, ಏಪ್ರಿಲ್‌ನಿಂದ. ಮೂಲವೇತನ ಈಗಿನ 180 ರಿಯಾಲಿನಿಂದ 260ಕ್ಕೆ. ತರಗತಿಗೆ ಹದಿನೆಂಟು ಮಕ್ಕಳು. ಆದರೆ ಹುದ್ದೆಯ ಹೆಸರು ಟೀಚರ್ ಅಲ್ಲ, ಅಸಿಸ್ಟೆಂಟ್. ಇಂಗ್ಲೆಂಡಿನಲ್ಲಿ 2008ರಿಂದ ಐದು ವರ್ಷದೊಳಗಿನ ಮಕ್ಕಳಿಗೆಂದೇ ಇರುವ ಪಠ್ಯಕ್ರಮ ಅಲ್ಲಿ ನಡೆಯುತ್ತದೆ, ಅದರಲ್ಲಿ ತರಬೇತಾದವರೇ ತರಗತಿಯ ಟೀಚರ್. ಹನ್ನೊಂದು ವರ್ಷ ತರಗತಿ ನಡೆಸಿದವಳು ಇನ್ನು ಬೇರೊಬ್ಬರ ತರಗತಿಯಲ್ಲಿ ಬಣ್ಣದ ಬ್ರಶ್ಶು ತೊಳೆಯಬೇಕು. ಇನ್ನೊಂದು ಕಡೆ, ಅವಳ ಇಬ್ಬರು ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಸಿಗುತ್ತಿದ್ದ ಫೀಸಿನ ರಿಯಾಯಿತಿ ಹೋಗುತ್ತದೆ. ಬಸ್ಸಿನ ಖರ್ಚು ಬರುತ್ತದೆ. ಕೂಡಿಸಿ ಕಳೆದು ನೋಡಿದರೆ ಕೈಗೆ ಹೆಚ್ಚಾಗಿ ಬರುವುದು ತಿಂಗಳಿಗೆ 20 ರಿಯಾಲು.

ಮತ್ತೆ ಗ್ರಾಚ್ಯುಟಿ. 2003ರ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಹದಿನೈದು ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳದು. ಮಾರ್ಚ್‌ಗೆ ಅವಳದು ಹನ್ನೊಂದು ವರ್ಷ. ಒಂಬತ್ತೂವರೆ ತಿಂಗಳ ಲೆಕ್ಕ, 1,710 ರಿಯಾಲು, ಊರಿನ ಮೂರೂಕಾಲು ಲಕ್ಷ. ಹೊಸ ಕಡೆ ಮತ್ತೆ ಹದಿನೈದು ದಿನದಿಂದ ಶುರು. ಇದನ್ನು ಅವಳು ಲೆಕ್ಕ ಹಾಕಿರಲೇ ಇಲ್ಲ. ಕೆಲಸ ಬದಲಿಸುವವರು ಮುಂದಿನ ಸಂಬಳ ನೋಡುತ್ತಾರೆ, ಹಿಂದೆ ಕಟ್ಟಿಕೊಂಡ ಹಿರಿತನ ಸೊನ್ನೆಗೆ ಇಳಿಯುವುದನ್ನು ನೋಡುವುದಿಲ್ಲ.

"ಇಷ್ಟಕ್ಕೆ ಹೋಗಬೇಕಾ ಅಕ್ಕಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಆ ಕೋರ್ಸು ಮಾಡಿಸುತ್ತಾರಂತೆ. ಎರಡು ವರ್ಷ ಇದ್ದರೆ. ನನಗೆ ಕಲಿಯಬೇಕಂತ ಉಂಟು. ಮಕ್ಕಳಿಗೆ ನಾಲ್ಕು ವರ್ಷಕ್ಕೇ ಪೆನ್ಸಿಲ್ ಹಿಡಿಸಿ ಗೆರೆಯೊಳಗೆ ಬರೆಸುವುದು ತಪ್ಪು ಅಂತ ಗೊತ್ತಿದ್ದೂ ಹನ್ನೊಂದು ವರ್ಷ ಬರೆಸಿದ್ದೇನಲ್ಲ."

ಕಾಗದದಲ್ಲಿ ಆ ಮಾತಿಗೆ ಜಾಗ ಇರಲಿಲ್ಲ. ನಾನೂ ಬರೆಸಿದ್ದೇನೆ, ಅವಳಿಗಿಂತ ಎರಡು ಪಟ್ಟು ಕಾಲ. ಅಪ್ಪ ಅಮ್ಮಂದಿರು ಪುಸ್ತಕ ತುಂಬಿಲ್ಲ ಎಂದು ದೂರುತ್ತಾರೆ, ಅದಕ್ಕೆ ಬರೆಸುತ್ತೇವೆ.

"ನೀವಾದರೆ ಏನು ಮಾಡ್ತಿದ್ದಿರಿ?"

ನನ್ನ ಹಳೆಯ ಉತ್ತರ ಬಾಯಿಯ ತನಕ ಬಂತು. ಆ ಉತ್ತರದ ಅವಧಿ ಡಿಸೆಂಬರ್ 31ಕ್ಕೆ ಮುಗಿದಿತ್ತು. 2015ರಲ್ಲಿ ಎರಡನೆಯ ಸಲ ಕೇಳದೇ ಇದ್ದದ್ದನ್ನು ಮೊದಲ ಬಾರಿಗೆ ಒಬ್ಬರಿಗೆ ಹೇಳಿದೆ. ಅಲ್ಲಿ ಹೋಗಿ ಸರಿಬರದಿದ್ದರೆ ಎಂಬ ಹೆದರಿಕೆ ಇತ್ತು, ಶಾಲೆ ಬೇಡ ಎಂದಾಗ ಒಳಗೊಳಗೆ ಹಗುರವಾಗಿತ್ತು ಎಂದೂ ಹೇಳಿದೆ. ಹೋಗು ಎಂದೂ ಇರು ಎಂದೂ ಹೇಳಲಿಲ್ಲ. ಅವಳು ಏನೂ ಅನ್ನದೆ ತಣ್ಣಗಾದ ದೋಸೆ ತಿಂದಳು.

ಮಾರ್ಚ್ ಕೊನೆಗೆ ಅವಳು ಹೋದಳು. ಹನ್ನೊಂದು ವರ್ಷದಿಂದ ಕೂಡಿಟ್ಟ ನೀರುಬಾಟಲಿಯ ಮುಚ್ಚಳ, ಗುಂಡಿ, ಚಿಪ್ಪುಗಳ ಡಬ್ಬಿಯನ್ನು ನನ್ನ ಬಾಗಿಲಲ್ಲಿಟ್ಟು ಹೋದಳು. ನಾನು ಉಳಿದೆ. ಬೆನ್ನುನೋವಿದೆ, ಮಗಳ ಕಾಲೇಜು ಇನ್ನೂ ಎರಡು ವರ್ಷ ಇದೆ, ಈ ಶಾಲೆಯ ಮೆಟ್ಟಿಲು ಕಾಲಿಗೆ ಅಭ್ಯಾಸವಾಗಿದೆ. ಕಾರಣ ಕೇಳಿದವರಿಗೆ ಈಗ ಇವನ್ನೇ ಹೇಳುತ್ತೇನೆ. ಹೊಸ ವರ್ಷದ ಮೊದಲ ಮೀಟಿಂಗಿನಲ್ಲಿ, ಎಲ್‌ಕೆಜಿಗೆ ಮೊದಲ ಮೂರು ತಿಂಗಳು ಬರವಣಿಗೆ ಪುಸ್ತಕ ಬೇಡ ಎಂದು ಕೈ ಎತ್ತಿ ಹೇಳಿದೆ. "ನೋಡುವ ಟೀಚರ್" ಎಂದರು. ಮುಂದಿನ ತಿಂಗಳು ಮತ್ತೆ ಕೇಳಿದೆ.